ಆಳು ಸಿಗ್ತಿಲ್ಲ ಅನ್ನುವ ಮೊದಲು ಗುಳೆಯ ಲೆಕ್ಕ ತಿಳಿಯೋಣ



ಈ ವಾರ ಗೊಬ್ಬರ, ರೋಗ-ಕೀಟದ ವಿಷಯ ಬಿಟ್ಟು ಬೇರೆ ಮಾತಾಡೋಣ. ಶಿಕಾರಿಪುರದ ಹತ್ತಿರ ಇರುವ ನಮ್ಮ ತೋಟ ನೋಡಲು ಬರುವವರಲ್ಲಿ ಹೆಚ್ಚಿನವರು ಹೊರಡುವಾಗ ಕೇಳೋದು ಒಂದೇ ಪ್ರಶ್ನೆ: "ಸಾವಯವ ಎಲ್ಲಾ ಸರಿ, ಆಳು ಎಲ್ಲಿಂದ ತರ್ತೀರಿ?" ಅದರ ಹಿಂದೆಯೇ ಇನ್ನೊಂದು ಮಾತು: "ಈಗಿನವರಿಗೆ ದುಡಿಯೋ ಮನಸ್ಸಿಲ್ಲ, ಅಕ್ಕಿ ಪುಕ್ಕಟೆ ಸಿಗುತ್ತೆ."

ಪ್ರಶ್ನೆ ನಿಜವಾದದ್ದೇ. ಆಮೇಲಿನ ಮಾತನ್ನು ಮಾತ್ರ ನಾನು ಒಪ್ಪಲ್ಲ. ದುಡಿಯೋ ಮನಸ್ಸಿಲ್ಲದವರು ಕಂಕುಳಲ್ಲಿ ಮಗು, ತಲೆ ಮೇಲೆ ಪಾತ್ರೆಯ ಮೂಟೆ ಹೊತ್ತುಕೊಂಡು ನೂರಾರು ಕಿಲೋಮೀಟರ್ ದೂರ ಕಬ್ಬು ಕಡಿಯೋಕೆ ಹೋಗಲ್ಲ. ಜನ ಇದ್ದಾರೆ. ನಮಗೆ ಬೇಕಾದ ತಿಂಗಳಲ್ಲಿ ನಮ್ಮೂರಲ್ಲಿ ಇರಲ್ಲ, ಅಷ್ಟೆ. ಅವರು ಯಾವಾಗ ಹೊರಡ್ತಾರೆ, ಯಾಕೆ ಹೊರಡ್ತಾರೆ, ಯಾರನ್ನು ನಂಬಿ ಹೊರಡ್ತಾರೆ ಅನ್ನೋದಕ್ಕೆ ಒಂದು ಕ್ರಮ ಇದೆ. ಅದು ಗೊತ್ತಿಲ್ಲದೆ ಬೆಳೆ ಯೋಜನೆ ಮಾಡಿದರೆ ಕೊಯ್ಲಿನ ಹೊತ್ತಿಗೆ ಒದ್ದಾಡೋದು ಖಂಡಿತ.

ಭೂಗೋಳದ ಪುಸ್ತಕ ಹೇಳೋದು, ತಾಂಡಾದವರು ಹೇಳೋದು

ಶಾಲೆಯಲ್ಲಿ ನಾವು ವಲಸೆ ಅಂತ ಓದಿದ್ದರಲ್ಲಿ ಒಂದು ಬಗೆಗೆ ಉತ್ತರ ಕರ್ನಾಟಕದಲ್ಲಿ ಗುಳೆ ಅಂತಾರೆ. ವಲಸೆ ಹೋದವರು ಹೋದ ಊರಲ್ಲೇ ನೆಲೆ ನಿಲ್ಲಬಹುದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಆದ ಮೇಲೆ ಆಂಧ್ರದ ಭತ್ತದ ರೈತರು ಸಿಂಧನೂರು, ಗಂಗಾವತಿ ಕಡೆ ಬಂದು ಜಮೀನು ಮಾಡಿ ಅಲ್ಲೇ ಉಳಿದರು. ಆ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. ಗುಳೆ ಹಾಗಲ್ಲ. ಮನೆ, ದೇವರು, ಮುದುಕರು, ಎರಡು ಮೂರು ಎಕರೆ ಹೊಲ ಎಲ್ಲ ಊರಲ್ಲೇ ಇರುತ್ತೆ. ಹೋದವರು ತಿರುಗಿ ಬರ್ತಾರೆ, ಮತ್ತೆ ಹೋಗ್ತಾರೆ.

ವಲಸೆಗೂ ನಿಯಮಗಳಿವೆ ಅಂತ ಮೊದಲು ಬರೆದವರಲ್ಲಿ ಲಂಡನ್‌ನಲ್ಲಿದ್ದ ರಾವೆನ್‌ಸ್ಟೈನ್ ಮುಖ್ಯ. ಬ್ರಿಟನ್ನಿನ 1881ರ ಜನಗಣತಿ ಹಿಡಿದುಕೊಂಡು 1885ರಲ್ಲಿ ಅವರು ಹೇಳಿದ್ದು ಇಷ್ಟು: ಹೆಚ್ಚಿನ ಜನ ದೂರ ಹೋಗಲ್ಲ, ಹತ್ತಿರಕ್ಕೇ ಹೋಗ್ತಾರೆ. ಒಂದು ಕಡೆಗೆ ಜನ ಹರಿದರೆ ಅಲ್ಲಿಂದ ಹಿಂದಕ್ಕೂ ಒಂದು ಹರಿವು ಇದ್ದೇ ಇರುತ್ತೆ. ಹತ್ತಿರದ ವಲಸೆಯಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ನಮ್ಮ ದೇಶದ 2011ರ ಜನಗಣತಿ ನೋಡಿ. ಹುಟ್ಟಿದ ಅಥವಾ ಹಿಂದೆ ಇದ್ದ ಊರು ಬಿಟ್ಟು ಬೇರೆಡೆ ಇರುವವರು ಸುಮಾರು 45 ಕೋಟಿ. ಅದರಲ್ಲಿ ರಾಜ್ಯದ ಗಡಿ ದಾಟಿದವರು ಸುಮಾರು 5.4 ಕೋಟಿ ಮಾತ್ರ. ಹೆಂಗಸರ ಪಾಲು ದೊಡ್ಡದು, ಕಾರಣ ಮದುವೆ. ಹಾಗಾಗಿ ನಮ್ಮಮ್ಮ, ನಿಮ್ಮ ಅತ್ತಿಗೆ ಎಲ್ಲರೂ ಲೆಕ್ಕದ ಪ್ರಕಾರ ವಲಸಿಗರೇ! ಆದರೆ ದೀಪಾವಳಿಗೆ ಹೊರಟು ಯುಗಾದಿಗೆ ವಾಪಸ್ ಬರುವವರು ಈ ಲೆಕ್ಕದಲ್ಲಿ ಸರಿಯಾಗಿ ಸಿಗೋದಿಲ್ಲ. ನಮ್ಮ ಹೊಲ-ತೋಟಕ್ಕೆ ಬರೋರು ಅವರೇ.

ಯಾಕೆ ಹೋಗ್ತಾರೆ ಅನ್ನೋದಕ್ಕೆ ಅಮೆರಿಕದ ಎವೆರೆಟ್ ಲೀ 1966ರಲ್ಲಿ ಒಂದು ಸರಳ ವಿವರಣೆ ಕೊಟ್ಟರು. ಇರೋ ಊರಿಂದ ದೂಡುವ ಕಾರಣ, ಹೋಗೋ ಊರಿಗೆ ಎಳೆಯುವ ಕಾರಣ, ನಡುವಿನ ಅಡ್ಡಿಗಳು, ಆಮೇಲೆ ಅವರವರ ಮನೆಯ ಪರಿಸ್ಥಿತಿ. ನಮ್ಮಲ್ಲಿಗೆ ಬರುವ ಒಂದು ಜೋಡಿ ವಿಜಯಪುರ ಜಿಲ್ಲೆಯ ತಾಂಡಾದವರು. ಅವರ ಬಾಯಲ್ಲಿ ಇದೇ ವಿಷಯ ಹೀಗೆ ಬಂತು: "ತೊಗರಿ ಒಂದ ಬೆಳಿ ರೀ ಅಣ್ಣಾರ. ಅದು ಕೈಕೊಟ್ರ ವರ್ಷಾನುಗಟ್ಟಲೆ ಏನ್ ತಿನ್ನೂದು? ಬೋರ್ ಹಾಕ್ಸಿದ್ವಿ. ನೀರು ಬೀಳಲಿಲ್ಲ, ಸಾಲ ಬಿತ್ತು."

ಮಳೆಯಾಶ್ರಿತ ಹೊಲದಲ್ಲಿ ಒಂದೇ ಬೆಳೆ, ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ., ಅದೂ ಹೂ ಬಿಡೋ ಹೊತ್ತಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಳೆ ಚೆನ್ನಾಗಿ ಬಂದ ವರ್ಷವೂ ಅವರು ಹೊರಡ್ತಾರೆ ಅನ್ನೋದನ್ನು ಗಮನಿಸಿ. ಬರಗಾಲದಿಂದ ಮಾತ್ರ ಗುಳೆ ಅಂತ ತಿಳಿಯೋದು ಅರ್ಧ ಸತ್ಯ. ಹೊಲದಲ್ಲಿ ಕೆಲಸ ಇರೋದೇ ವರ್ಷಕ್ಕೆ ನಾಲ್ಕೈದು ತಿಂಗಳು. ಉಳಿದ ತಿಂಗಳು ಕೂತರೆ ಹೊಟ್ಟೆ ಕೇಳಲ್ಲ, ಬಡ್ಡಿಯೂ ನಿಲ್ಲಲ್ಲ. ತೊಗರಿ ಕಟಾವಿಗೆ ಮನೆಯ ಹಿರಿಯರು ಉಳಿದುಕೊಳ್ತಾರೆ, ಮೈಯಲ್ಲಿ ಕಸುವಿರೋರು ಹೊರಡ್ತಾರೆ.

ಮುಂಗಡ ಅನ್ನೋ ಹಗ್ಗ

ಎಲ್ಲಿಗೆ ಹೋಗಬೇಕು ಅನ್ನೋದನ್ನು ಎಷ್ಟೋ ಸಲ ಹೋಗುವವರು ತೀರ್ಮಾನ ಮಾಡೋದಿಲ್ಲ. ಕಬ್ಬಿನ ವಿಷಯ ತಗೊಳ್ಳಿ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಅಕ್ಟೋಬರ್-ನವೆಂಬರ್‌ನಲ್ಲಿ ಹೊರಡುವ ಕಬ್ಬು ಕಡಿಯುವವರು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರ್ತಾರೆ. ಅಲ್ಲಿ ಗಂಡ ಹೆಂಡತಿ ಸೇರಿ ಒಂದು ಲೆಕ್ಕ. ಅದಕ್ಕೆ 'ಕೊಯ್ತಾ' ಅಂತ ಹೆಸರು, ಅಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಕುಡುಗೋಲು! ಮುಕಾದಮ ಮಳೆಗಾಲದಲ್ಲೇ, ಮನೆಯಲ್ಲಿ ಕಾಸಿಲ್ಲದ ಹೊತ್ತು ನೋಡಿ ಮುಂಗಡ ಕೊಟ್ಟಿರ್ತಾನೆ.

ಲೆಕ್ಕ ಅರ್ಥ ಆಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುಂಗಡ 60,000 ರೂಪಾಯಿ, ಟನ್ನಿಗೆ ಕೂಲಿ 300, ಜೋಡಿ ದಿನಕ್ಕೆ 2 ಟನ್ ಕಡಿಯುತ್ತೆ ಅಂತಿರಲಿ. ಸಾಲ ತೀರಲು 200 ಟನ್ ಕಡಿಯಬೇಕು, ಅಂದರೆ ಸರಿಯಾಗಿ 100 ದಿನ. ಇದರಲ್ಲಿ ಜ್ವರದ ದಿನ, ಗಾಡಿ ಬಾರದ ದಿನ, ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಯಾವುದೂ ಸೇರಿಲ್ಲ. ದಿನ ತಪ್ಪಿದರೆ ದಂಡ ಹಾಕುವ ಪದ್ಧತಿಯೂ ಇದೆ. ಹಂಗಾಮು ಮುಗಿದಾಗ ಸಾಲ ಉಳಿದರೆ ಅದು ಮುಂದಿನ ವರ್ಷಕ್ಕೆ. ಬೀಡ್‌ನ ಹೆಂಗಸರು ಕೆಲಸ ತಪ್ಪಬಾರದು ಅಂತ ಗರ್ಭಕೋಶ ತೆಗೆಸಿಕೊಳ್ತಿದ್ದಾರೆ ಅನ್ನೋ ಸುದ್ದಿ 2019ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲದವರೆಗೆ ಹೋಗಿ, ಸರ್ಕಾರ ಸಮಿತಿ ಮಾಡಬೇಕಾಯ್ತು. ಕಬ್ಬು ಬೆಳೆಯೋ ನಾವು ಕಾರ್ಖಾನೆ ಕೊಡೋ ದರದ ಬಗ್ಗೆ ಎಷ್ಟು ಮಾತಾಡ್ತೀವಿ, ಕಡಿಯೋರ ದರದ ಬಗ್ಗೆ ಎಷ್ಟು ಮಾತಾಡ್ತೀವಿ? ನನಗೆ ಇದು ಇರಿಸುಮುರಿಸಿನ ವಿಷಯ.

ತೋಟದವರಿಗೆ ಒಂದು ಎಚ್ಚರಿಕೆ. ಮುಂಗಡ ಕೊಡೋದು ತಪ್ಪಲ್ಲ. ಆದರೆ "ಸಾಲ ತೀರೋವರೆಗೂ ಬೇರೆ ಕಡೆ ಹೋಗೋ ಹಾಗಿಲ್ಲ" ಅಂತ ಹಿಡಿದಿಟ್ಟರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕೆಳಗೆ ಅಪರಾಧ. ಆಧಾರ್ ಕಾರ್ಡು, ಫೋನು ಇಸಿದುಕೊಂಡು ಇಟ್ಟುಕೊಳ್ಳೋ ಮಾಲೀಕರನ್ನೂ ನೋಡಿದ್ದೇನೆ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ.

ಪರಿಚಯದ ಸರಪಳಿ

ಮುಂಗಡ ಇಲ್ಲದ ಕಡೆ ದಾರಿ ತೋರಿಸೋದು ಪರಿಚಯ. ಕರಾವಳಿಯಿಂದ ಮುಂಬೈಗೆ ಹೋದ ಒಬ್ಬರು ಹೋಟೆಲಲ್ಲಿ ಕೆಲಸ ಹಿಡಿದು, ಆಮೇಲೆ ಅಳಿಯನನ್ನು, ಪಕ್ಕದ ಮನೆ ಹುಡುಗನನ್ನು ಕರೆಸಿಕೊಂಡು ಅಲ್ಲಿ ಉಡುಪಿ ಹೋಟೆಲುಗಳು ಬೆಳೆದವು. ವಿಜಯಪುರದ ತಾಂಡಾಗಳಿಂದ ಗೋವಾಕ್ಕೆ, ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಅಸ್ಸಾಂ, ಜಾರ್ಖಂಡ್‌ನಿಂದ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಿಗೆ ಜನ ಬರೋದೂ ಹೀಗೇ. ಅಸ್ಸಾಂ ದೂರ ಅಲ್ವಾ, ಹತ್ತಿರಕ್ಕೇ ಹೋಗ್ತಾರೆ ಅಂದ್ರಲ್ಲ ಅಂತ ನೀವು ಕೇಳಬಹುದು. ಗುರುತಿನವರು ಇದ್ದರೆ ದೂರವೂ ಹತ್ತಿರವೇ. ರೈಲು ಯಾವುದು, ಕೂಲಿ ಎಷ್ಟು, ಮಾಲೀಕ ಹೇಗೆ ಅಂತ ಫೋನಲ್ಲೇ ಗೊತ್ತಾಗುತ್ತೆ.

ಇದರ ಅರ್ಥ ಇಷ್ಟೇ: ಒಂದು ಜೋಡಿಯನ್ನು ನೀವು ಹೇಗೆ ನೋಡಿಕೊಂಡಿರಿ ಅನ್ನೋದು ನೀವು ಯಾವತ್ತೂ ಕಾಣದ ಒಂದು ಊರಿಗೆಲ್ಲ ಗೊತ್ತಾಗಿರುತ್ತೆ. ನಮ್ಮಲ್ಲಿಗೆ ಬರುವ ಆ ಜೋಡಿ ಮೊದಲು ಬಂದದ್ದು ಅವರ ಚಿಕ್ಕಪ್ಪ ಪಕ್ಕದೂರಿನ ಅಡಿಕೆ ಚೇಣಿಗೆ ಬರ್ತಿದ್ದರು ಅಂತ.

ಶುಂಠಿ ಬೆಳೆಗಾರರು ಯಾಕೆ ಊರೂರು ಸುತ್ತುತ್ತಾರೆ?

ಕೂಲಿಯವರಷ್ಟೇ ಊರು ಬಿಡ್ತಾರೆ ಅಂತೇನಿಲ್ಲ. ಕೇರಳದ ವಯನಾಡಿನಿಂದ ಬಂದು ಮೈಸೂರು, ಕೊಡಗು, ಹಾಸನ, ಶಿವಮೊಗ್ಗದಲ್ಲಿ ಗುತ್ತಿಗೆಗೆ ಭೂಮಿ ಹಿಡಿದು ಶುಂಠಿ ಹಾಕೋರು ದುಡ್ಡಿರೋ ರೈತರೇ. ತೋಟಗಾರಿಕೆ ಓದಿದವನಾಗಿ ನನಗೆ ಇದು ಬಹಳ ಆಸಕ್ತಿಯ ವಿಷಯ, ಯಾಕಂದ್ರೆ ಇಲ್ಲಿ ದೂಡುವ ಕಾರಣಗಳಲ್ಲಿ ಒಂದು ಮಣ್ಣಿನೊಳಗೇ ಇದೆ. ಗೆಡ್ಡೆ ಕೊಳೆ ರೋಗದ ಶಿಲೀಂಧ್ರ, ಸೊರಗು ರೋಗದ ದುಂಡಾಣು ಎರಡೂ ಮಣ್ಣಲ್ಲಿ ಉಳಿಯುತ್ತವೆ. ಒಂದು ಸಲ ಶುಂಠಿ ಬೆಳೆದ ಜಾಗದಲ್ಲಿ ಮರುವರ್ಷ ಬೆಳೆದರೆ ನಷ್ಟ ಬಹುತೇಕ ಗ್ಯಾರಂಟಿ. ಅದಕ್ಕೇ ಪ್ರತಿ ವರ್ಷ ಹೊಸ ಭೂಮಿ ಬೇಕು. ಅವರು ಮುಂದಿನ ಊರಿಗೆ ಹೋಗ್ತಾರೆ, ರೋಗ ಇರೋ ಮಣ್ಣು ನಮ್ಮಲ್ಲೇ ಉಳಿಯುತ್ತೆ. ಗುತ್ತಿಗೆ ಕೊಡುವ ಮೊದಲು ಹಣದ ಜೊತೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಅದೇ ಜಾಗದಲ್ಲಿ ಆಮೇಲೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕಲು ಹೋಗಬೇಡಿ, ಆ ಜಾತಿಯ ಬೆಳೆಗಳಿಗೂ ಸೊರಗು ರೋಗದ ಕಾಟ ಇದೆ. ಜೋಳ, ರಾಗಿ, ಮೆಕ್ಕೆಜೋಳದಂಥ ಬೆಳೆಯಿಂದ ಎರಡು ಮೂರು ವರ್ಷ ಪರಿವರ್ತನೆ ಮಾಡಿ.

ಎಲ್ಲರಿಗೂ ಆಳು ಬೇಕಾಗೋದು ಒಂದೇ ಹೊತ್ತಿಗೆ

ಈಗ ನಮ್ಮ ತೋಟದ ವಿಷಯಕ್ಕೆ ಬರೋಣ. ನವೆಂಬರ್‌ನಿಂದ ಜನವರಿವರೆಗಿನ ಮೂರು ತಿಂಗಳು ನೋಡಿ. ಅಡಿಕೆ ಕೊಯ್ಲು ಮತ್ತು ಸುಲಿತ, ಭತ್ತದ ಕೊಯ್ಲು, ಕಬ್ಬಿನ ಕಟಾವು, ಅರೇಬಿಕಾ ಕಾಫಿ ಹಣ್ಣು ಬಿಡಿಸೋದು ಎಲ್ಲವೂ ಆಗಲೇ. ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ನಮ್ಮ ಕಡೆಯ ತಾಂಡಾದವರೂ ದೀಪಾವಳಿ ಮುಗಿಸಿ ಕಬ್ಬಿಗೋ ಕಾಫಿಗೋ ಹೊರಡ್ತಾರೆ. ಲಂಬಾಣಿಗರಿಗೆ ದೀಪಾವಳಿ ದೊಡ್ಡ ಹಬ್ಬ. ಹೆಣ್ಣುಮಕ್ಕಳು ಮನೆಮನೆಗೆ ದೀಪ ಹಿಡಿದು ಮೇರಾ ಹೇಳೋದು ಆಗಲೇ, ಹಾಗಾಗಿ ಅದಕ್ಕೆ ಮುಂಚೆ ಯಾರೂ ಹೊರಡಲ್ಲ. ಈ ಮೂರು ತಿಂಗಳಲ್ಲಿ ಎರಡು ದಿನಕ್ಕೊಮ್ಮೆ ಕೀಳಬೇಕಾದ ಬೀನ್ಸನ್ನೋ ಬೆಂಡೆಯನ್ನೋ ಎಕರೆಗಟ್ಟಲೆ ಇಟ್ಟುಕೊಂಡು "ಆಳಿಲ್ಲ" ಅಂದರೆ ಏನು ಮಾಡೋದು?

ನಾನು ಆ ಹೊತ್ತಿಗೆ ಕಾಯಬಲ್ಲ ಬೆಳೆ ಮಾತ್ರ ಇಡ್ತೀನಿ. ಏಪ್ರಿಲ್-ಮೇನಲ್ಲಿ ನೆಟ್ಟ ಸುವರ್ಣಗೆಡ್ಡೆ ಎಂಟು ತಿಂಗಳಿಗೆ ಬಲಿತರೂ ಅವಸರ ಇಲ್ಲ. ನೀರು ನಿಲ್ಲದ ಜಾಗವಾದರೆ ಫೆಬ್ರವರಿವರೆಗೆ ಮಣ್ಣಲ್ಲೇ ಇರಲಿ. ಬೂದುಗುಂಬಳ ಬಲಿತ ಮೇಲೆ ತೊಟ್ಟು ಸಮೇತ ಕೊಯ್ದು ಗಾಳಿಯಾಡೋ ಕಡೆ ಇಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ಅರಿಶಿನವೂ ಹಾಗೇ, ಎಲೆ ಒಣಗಿದ ಮೇಲೆ ಕೆಲವು ವಾರ ತಡವಾದರೆ ಲೋಕ ಮುಳುಗಲ್ಲ. ದಿನಾ ಕೀಳೋ ತರಕಾರಿಯನ್ನು ಮನೆಯವರ ಕೈಗೆ ಸಾಕಾಗುವಷ್ಟು ಗುಂಟೆಗೆ ಇಳಿಸಿ. ಬುಡ ಬಿಡಿಸೋದು, ಮುಚ್ಚಿಗೆ ಹಾಕೋದು, ಕಾಂಪೋಸ್ಟ್ ತಿರುವೋದು, ಬಸಿಗಾಲುವೆ ತೆಗೆಯೋದು ಎಲ್ಲವನ್ನೂ ಫೆಬ್ರವರಿ ನಂತರಕ್ಕೆ ತಳ್ಳಿ. ಆಗ ಕೆಲಸ ಹುಡುಕೋರು ಹೆಚ್ಚು ಸಿಗ್ತಾರೆ.

ಇನ್ನೊಂದು ವಲಸೆಯಿಂದ ನಮಗೆ ಲಾಭವೇ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರು ಮಳೆ, ಮೇವು ನೋಡಿಕೊಂಡು ಹಿಂಡಿನ ಜೊತೆ ಸುತ್ತುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ಎರಡೂ ಸಾಗಣೆ ಖರ್ಚಿಲ್ಲದೆ ಹೊಲಕ್ಕೇ ಬೀಳುತ್ತೆ. ಬೆಳಿಗ್ಗೆಯೇ ತೆಳುವಾಗಿ ಉಳುಮೆ ಮಾಡಿ, ಬಿಸಿಲಿಗೆ ಸಾರಜನಕ ಹಾರಿಹೋಗಲು ಬಿಡಬೇಡಿ. ಅವರ ದಾರಿ ವರ್ಷವೂ ಹೆಚ್ಚುಕಮ್ಮಿ ಅದೇ ಇರುತ್ತೆ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ದೂರದಿಂದ ಬಂದ ಕುಟುಂಬ ನಿಮ್ಮಲ್ಲಿ ಉಳಿಯೋದಾದರೆ ಮೊದಲ ವಾರದಲ್ಲಿ ಮಾಡಬೇಕಾದ ಕೆಲಸಗಳಿವೆ. ಅವರ ಪಡಿತರ ಚೀಟಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ರೇಷನ್ ಪಡೆಯಬಹುದು. ಒಂದು ಪಾಲು ಇಲ್ಲಿ, ಉಳಿದದ್ದು ಊರಲ್ಲಿರುವ ಹಿರಿಯರು ಅಲ್ಲಿ ಪಡೆಯೋಕೂ ಅವಕಾಶ ಇದೆ. ಮಕ್ಕಳ ವಿಷಯ ಅದಕ್ಕಿಂತ ಮುಖ್ಯ. ವರ್ಗಾವಣೆ ಪತ್ರ ತಡವಾಯ್ತು ಅಂತ ಸರ್ಕಾರಿ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೂ ಪರವೂರಿನ ಅಪ್ಪ-ಅಮ್ಮ ಹೋಗಿ ಕೇಳಿದರೆ "ನಾಳೆ ಬನ್ನಿ" ಅನ್ನೋದು ಜಾಸ್ತಿ. ಊರಿನ ರೈತ ಜೊತೆಗೆ ಹೋದರೆ ಅವತ್ತೇ ಕೆಲಸ ಆಗುತ್ತೆ. ಆ ಜೋಡಿಯ ದೊಡ್ಡ ಮಗಳು ಕಬ್ಬಿನ ಗದ್ದೆಯಲ್ಲಿ ತಮ್ಮನನ್ನು ಆಡಿಸಿಕೊಂಡು ಎರಡು ವರ್ಷ ಕಳೆದವಳು. ನಮ್ಮೂರ ಶಾಲೆಗೆ ಸೇರಿಸಿದ ಮೇಲೆ ಅವರಮ್ಮ ಕಬ್ಬಿನ ಮುಕಾದಮನ ಫೋನು ತೆಗೆಯೋದನ್ನೇ ನಿಲ್ಲಿಸಿದರು. ಕೂಲಿ ನಾನೇನೂ ಎಲ್ಲರಿಗಿಂತ ಹೆಚ್ಚು ಕೊಡ್ತಿಲ್ಲ. ವಾರಕ್ಕೊಮ್ಮೆ ಲೆಕ್ಕ ಬರೆದು ತೋರಿಸ್ತೀನಿ, ಹೆಂಗಸರ ಕೂಲಿಯನ್ನು ಅವರ ಕೈಗೇ ಕೊಡ್ತೀನಿ.

ಮುಂದಿನ ಹಂಗಾಮಿಗೆ ಜನ ಬೇಕಿದ್ದರೆ ದೀಪಾವಳಿವರೆಗೆ ಕಾಯಬೇಡಿ. ಮುಕಾದಮರು ಮಳೆಗಾಲದಲ್ಲೇ ತಾಂಡಾಗಳಿಗೆ ಹೋಗಿ ಬಂದಿರ್ತಾರೆ. ಗೌರಿ-ಗಣೇಶ ಹಬ್ಬದ ಹೊತ್ತಿಗೇ ಫೋನ್ ಮಾಡಿ, ಎಷ್ಟು ದಿನದ ಕೆಲಸ, ಕೂಲಿ ಎಷ್ಟು, ಇರೋಕೆ ಎಂಥ ಮನೆ, ಶಾಲೆ ಎಷ್ಟು ದೂರ ಅಂತ ಸ್ಪಷ್ಟವಾಗಿ ಹೇಳಿ. ಬರೋ ಖರ್ಚಿಗೆ ಬಸ್ ಚಾರ್ಜ್ ಕಳಿಸಿ, ಅದನ್ನು ಕೂಲಿಯಲ್ಲಿ ಹಿಡಿಯಬೇಡಿ.