ಕೋಳಿಮರಿಗಳ ಪಾಲನೆ



ರಾಯಚೂರು, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಮನೆಗೋಳಿ ಸಾಕುವುದು ಹೆಚ್ಚಾಗಿ ಹೆಂಗಸರ ಕೆಲಸವು. ಮೊಟ್ಟೆ ಮಾರಿ ಬಂದ ಅಲ್ಪ ಹಣವು ಎಷ್ಟೋ ಬಾರಿ ಮಗಳ ಪುಸ್ತಕಗಳಿಗೆ ಸಲ್ಲುತ್ತದೆ. ಹತ್ತು ಮರಿಗಳಲ್ಲಿ ಎಂಟು ಸತ್ತುಹೋದರೆ ಆ ನಷ್ಟವು ಮಗುವಿನ ಓದಿಗೂ ತಗಲುವುದು. ಇಂಥ ಮರಣಗಳಿಗೆ ಹಣೆಬರಹವನ್ನು ದೂರುವ ವಾಡಿಕೆಯುಂಟು. ಆದರೆ ಶಾಖ, ಆಹಾರ, ಶುಚಿತ್ವ, ಲಸಿಕೆ ಎಂಬ ನಾಲ್ಕನ್ನು ಸರಿಯಾಗಿ ಒದಗಿಸಿದರೆ ಬಹಳಷ್ಟು ಮರಿಗಳನ್ನು ಉಳಿಸಿಕೊಳ್ಳಬಹುದು.

ನಾಟಿ ಹೇಟೆಯು 21 ದಿವಸ ಕಾವು ಕೊಟ್ಟು ಮರಿ ಮಾಡಿದರೆ ಶಾಖದ ಚಿಂತೆಯನ್ನು ತಾನೇ ವಹಿಸುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಹೊರತಂದ ಗಿರಿರಾಜ ಮೊದಲಾದ ತಳಿಗಳ ಮರಿಗಳಾದರೋ ಯಂತ್ರದ ಕಾವಿನಲ್ಲಿ ಹುಟ್ಟಿ, ತಾಯಿಯಿಲ್ಲದೆ ನಮ್ಮ ಮನೆ ಸೇರುತ್ತವೆ. ಅವುಗಳಿಗೆ ಗೃಹಿಣಿಯೇ ತಾಯಿಯಾಗತಕ್ಕದ್ದು.

ಶಾಖ: ಎಳೆಮರಿಯ ನವಿರು ಮೈಯ ಶಾಖವನ್ನು ಹಿಡಿದಿಡಲಾರದು. ಮೊದಲ ವಾರ ಸುಮಾರು 35 ಸೆಂಟಿಗ್ರೇಡ್ ಡಿಗ್ರಿ ಶಾಖವು ಬೇಕು. ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸತಕ್ಕದ್ದು. ಇದಕ್ಕೆ ತಂತಿ ಕಾದು ಉರಿಯುವ ಹಳೆಯ ಬಲ್ಬೇ ಯೋಗ್ಯವು; ಎಲ್.ಇ.ಡಿ. ದೀಪದಿಂದ ಸಾಕಷ್ಟು ಶಾಖವು ಬಾರದು. ನಮ್ಮ ಬೇಸಿಗೆಯಲ್ಲಿ ಹಗಲಿನ ಶಾಖವು 40 ಡಿಗ್ರಿಯನ್ನು ಮೀರುವುದರಿಂದ ಮಧ್ಯಾಹ್ನ ದೀಪವನ್ನು ಆರಿಸಿ, ನೆರಳನ್ನೂ ಗಾಳಿಯನ್ನೂ ಒದಗಿಸಬೇಕು. ಬಿಸಿಲಿಗೆ ಕಾದ ತಗಡಿನ ಕೆಳಗೆ ಮರಿಗಳನ್ನು ಇಡಲೇಬಾರದು. ಉಷ್ಣಮಾಪಕವಿಲ್ಲದವರಿಗೆ ಮರಿಗಳೇ ಸೂಚನೆ ಕೊಡುತ್ತವೆ. ದೀಪದಡಿ ಒಂದರ ಮೇಲೊಂದು ಬಿದ್ದು ಕೂಗಿದರೆ ಚಳಿಯೆಂದೂ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದೂ, ಹರಡಿಕೊಂಡು ಮೇಯುತ್ತಿದ್ದರೆ ಹಿತವೆಂದೂ ತಿಳಿಯಬೇಕು.

ಆಹಾರ: ಮರಿಯು ಒಡೆದು ಬರುವ ಮುನ್ನ ಮೊಟ್ಟೆಯ ಹಳದಿಯ ಶೇಷವು ಅದರ ಹೊಟ್ಟೆಯೊಳಗೆ ಸೇರುತ್ತದೆ. ಅದರ ಬಲದಿಂದ ಮರಿಯು ಎರಡು ದಿವಸದ ಪ್ರಯಾಣವನ್ನು ತಾಳಬಲ್ಲದು. ಆದರೂ ಮನೆಗೆ ಬಂದೊಡನೆ ಕಾಯಿಸಿ ಆರಿಸಿದ ನೀರನ್ನು, ದಣಿದಿದ್ದರೆ ಕೊಂಚ ಬೆಲ್ಲ ಬೆರೆಸಿ, ಕೊಡಬೇಕು. ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನಿಟ್ಟರೆ ಮರಿಗಳು ಮುಳುಗವು. ಮೊದಲ ದಿನ ಜೋಳದ ಸಣ್ಣ ನುಚ್ಚು, ಬಳಿಕ ನೂರಕ್ಕೆ ಸುಮಾರು 20 ಪಾಲು ಸಸಾರಜನಕವುಳ್ಳ ಮರಿ ಆಹಾರವು ತಕ್ಕದ್ದು. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಹಾಕಲೇಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿಯ ವಿಷದಿಂದ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು.

ಶುಚಿತ್ವ: ನೆಲಕ್ಕೆ ಎರಡು ಅಂಗುಲ ಭತ್ತದ ಹೊಟ್ಟನ್ನು ಹರಡಬೇಕು, ಭತ್ತ ಬೆಳೆಯುವ ಮಾನ್ವಿಯ ಕಡೆಯಲ್ಲಿ ಇದು ಸುಲಭವಾಗಿ ದೊರೆಯುವುದು. ಒದ್ದೆಯಾದ ಹೊಟ್ಟನ್ನು ಕೂಡಲೇ ತೆಗೆಯಬೇಕು. ಯಾಕಂದರೆ ರಕ್ತಭೇದಿಯ ಸೂಕ್ಷ್ಮಜೀವಿಗಳು ಆ ತೇವದಲ್ಲೇ ಬಲಿಯುವುವು. ಈ ರೋಗವು ವಿಶೇಷವಾಗಿ ಮೂರರಿಂದ ಆರು ವಾರದ ಮರಿಗಳಿಗೆ ತಗಲುತ್ತದೆ. ಮರಿಯು ರೆಕ್ಕೆ ಇಳಿಬಿಟ್ಟು, ಹಿಕ್ಕೆಯಲ್ಲಿ ರಕ್ತ ಕಂಡರೆ ಪಶುವೈದ್ಯರಿಗೆ ತಿಳಿಸಬೇಕು; ನೀರಿನಲ್ಲಿ ಬೆರೆಸಿ ಕೊಡುವ ಔಷಧವುಂಟು. ಎಳೆಮರಿಯ ಹಿಂಭಾಗಕ್ಕೆ ಹಿಕ್ಕೆ ಅಂಟಿದ್ದರೆ ಕೀಳದೆ, ಬೆಚ್ಚನೆಯ ನೀರಿನಿಂದ ನೆನೆಸಿ ಒರೆಸಿ, ಮೈ ಒಣಗಿಸಬೇಕು.

ಲಸಿಕೆ: ಎಲ್ಲಕ್ಕಿಂತ ಭಯಂಕರವಾದುದು ಕೊಕ್ಕರೆ ರೋಗವು. 1920ರ ದಶಕದಲ್ಲಿ ಹಿಮಾಲಯದ ರಾಣಿಖೇತದಲ್ಲಿ ಕಾಣಿಸಿದ್ದರಿಂದ ಅದಕ್ಕೆ ಆ ಊರಿನ ಹೆಸರೂ ಬಂದಿದೆ. ಏದುಸಿರು, ಹಸುರು ಭೇದಿ, ತಿರುಚಿದ ಕತ್ತು ಇದರ ಲಕ್ಷಣಗಳು. ಇದಕ್ಕೆ ಔಷಧವಿಲ್ಲ, ತಡೆಯುವ ಲಸಿಕೆಯು ಮಾತ್ರ ಉಂಟು. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗಾಗಲಿ ಮೂಗಿಗಾಗಲಿ ಒಂದು ಹನಿ ಹಾಕಿಸಬೇಕು. ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದ ದಿನಗಳಲ್ಲಿ ಹಾಕಿಸಬೇಕು.

ಇಲ್ಲಿ ಒಂದು ತೊಡಕುಂಟು. ಲಸಿಕೆಯ ಒಂದು ಸೀಸೆಯು ಸಾಮಾನ್ಯವಾಗಿ ನೂರು ಮರಿಗಳಿಗೆ, ಕೆಲವೊಮ್ಮೆ ಇನ್ನೂ ಹೆಚ್ಚಿಗೆ, ಸಾಲುವುದು. ಅದನ್ನು ತಣ್ಣಗೆ ಇಡಬೇಕು. ಒಮ್ಮೆ ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು. ಹತ್ತು ಮರಿಗಳುಳ್ಳ ಮನೆಯವರು ಇದಕ್ಕೆ ಹಿಂಜರಿಯುವುದು ಸಹಜವು. ಓಣಿಯ ಹತ್ತು ಮನೆಯವರು ಒಂದೇ ವಾರ ಮರಿ ತರಿಸಿ, ಒಂದೇ ದಿವಸ ಲಸಿಕೆ ಹಾಕಿಸಿದರೆ ವೆಚ್ಚವೂ ಹಂಚಿಹೋಗುವುದು, ರೋಗವು ಮನೆಯಿಂದ ಮನೆಗೆ ಹಬ್ಬುವುದೂ ತಗ್ಗುವುದು.

ನಮ್ಮ ಶಾಲೆಯಲ್ಲಿ ಓದಿದ ಸೋದರಿಯರೇ, ಸೀಸೆಯ ಮೇಲಿನ ದಿನಾಂಕವನ್ನು ಓದಬಲ್ಲವರು ನೀವು. ನಿಮ್ಮ ಓಣಿಯ ತಾಯಂದಿರನ್ನು ಕೂಡಿಸಿ ಈ ಕಾರ್ಯವನ್ನು ಆರಂಭಿಸುವ ಭಾರವು ನಿಮ್ಮದಾಗಲಿ.