ಲಗೂನಿನ ಈಜು ಮತ್ತು ನಮ್ಮ ಹೊಳೆಯ ಸುರಕ್ಷತೆ

ರಜಾಕಾಲದಲ್ಲಿ ಹವಳದ್ವೀಪಗಳಿಗೆ ತೆರಳಿ, ಅಲ್ಲಿನ ಲಗೂನುಗಳಲ್ಲಿ, ಅಂದರೆ ಹವಳದ ದಿಬ್ಬಗಳು ಸುತ್ತುವರಿದ ತಿಳಿನೀರಿನಲ್ಲಿ, ಈಜಿ ಬರುವುದು ಇಂದು ಜನಪ್ರಿಯ ವಿಹಾರವಾಗಿದೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿ ನೀಡಿದ ಬಳಿಕ ಈ ಆಸಕ್ತಿ ಮತ್ತಷ್ಟು ಹೆಚ್ಚಿತು. ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿಯ ಉದ್ಯಮಿಗಳು ಈ ವಿಹಾರವನ್ನು ಪ್ರವಾಸಿಗರಾಗಿ ಮಾತ್ರವಲ್ಲದೆ ವರ್ತಕರ ದೃಷ್ಟಿಯಿಂದಲೂ ಗಮನಿಸುವುದು ಉಚಿತ. ಪ್ರವಾಸಿಯು ಅಲ್ಲಿ ಹಣ ತೆತ್ತು ಪಡೆಯುವುದಾದರೂ ಏನನ್ನು?

ಹವಳದ ಆವರಣ

ಲಕ್ಷದ್ವೀಪದ ಒಟ್ಟು ಭೂಪ್ರದೇಶ ಸುಮಾರು 32 ಚದರ ಕಿಲೋಮೀಟರ್. ಲಗೂನುಗಳ ವಿಸ್ತಾರವಾದರೋ ಸುಮಾರು 4,200 ಚದರ ಕಿಲೋಮೀಟರ್. ಈ ದ್ವೀಪಗಳು ಕನ್ನಡ ನಾಡಿಗೆ ಅಪರಿಚಿತವಲ್ಲ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ವಶಕ್ಕೆ ಬಂದವು. ಮುಂದೆ 1956ರವರೆಗೆ ದಕ್ಷಿಣ ಕನ್ನಡದ ಆಡಳಿತಕ್ಕೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಸರಕು ಇಂದಿಗೂ ಅಲ್ಲಿಗೆ ಸಾಗುತ್ತದೆ.

ತೆರೆದ ಕಡಲಿನ ಅಲೆಗಳು ಹವಳದ ದಿಬ್ಬಕ್ಕೆ ಬಡಿದು ತಮ್ಮ ಬಲವನ್ನು ಅಲ್ಲಿಯೇ ಕಳೆದುಕೊಳ್ಳುತ್ತವೆ. ಒಳಗಿನ ನೀರು ಬಹುಮಟ್ಟಿಗೆ ಆಳವಿಲ್ಲದ್ದು, ತಳದಲ್ಲಿ ಬಿಳಿಯ ಮರಳು. ಆದುದರಿಂದಲೇ ನೀರು ತಿಳಿಯಾಗಿ, ಹಸಿರು ಬೆರೆತ ನೀಲಿಯಾಗಿ ತೋರುತ್ತದೆ. ದಿಬ್ಬದ ನಡುವಿನ ಕಂಡಿಗಳಲ್ಲಿ ಮಾತ್ರ ನೀರಿನ ಸೆಳೆತ ಬಲವಾಗಿರುವುದರಿಂದ, ಸ್ಥಳೀಯರ ಮಾರ್ಗದರ್ಶನವಿಲ್ಲದೆ ಅತ್ತ ಸಾಗುವುದು ಸಲ್ಲದು. ಒಟ್ಟಿನಲ್ಲಿ ಪ್ರವಾಸಿಯು ಅಲ್ಲಿ ಕೊಳ್ಳುವುದು ನೀರನ್ನಲ್ಲ, ನೀರಿನಲ್ಲಿ ನಿರ್ಭಯವಾಗಿರುವ ಅವಕಾಶವನ್ನು. ಅದನ್ನು ಒದಗಿಸುವ ಹವಳವೂ ಅಭೇದ್ಯವಲ್ಲ. 1998, 2010 ಮತ್ತು 2016ರಲ್ಲಿ ಕಡಲು ಕಾದು ಹವಳಗಳು ಬಿಳಿಚಿ ಅಪಾರ ಹಾನಿಯಾಯಿತು.

ನಮ್ಮಲ್ಲಿನ ಸ್ಥಿತಿ

ನಮ್ಮ ತಾಲ್ಲೂಕುಗಳಲ್ಲಿ ನೀರಿನ ಸೊಬಗಿಗೆ ಕೊರತೆಯಿಲ್ಲ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮೇಕೆದಾಟುವಿನಲ್ಲಿ ನದಿಯು ಕಿರಿದಾದ ಬಂಡೆಗಳ ನಡುವೆ ನುಗ್ಗುತ್ತದೆ. ಮಾಗಡಿಯಲ್ಲಿ ಮಂಚನಬೆಲೆ, ಚನ್ನಪಟ್ಟಣದಲ್ಲಿ ಕಣ್ವ ಜಲಾಶಯಗಳಿವೆ. ಆದರೆ ಇಲ್ಲಿ ಹವಳದ ಆವರಣವಿಲ್ಲ. ಹೊಳೆಯ ಮೇಲ್ಮೈ ಶಾಂತವಾಗಿ ಕಂಡರೂ ತಳದಲ್ಲಿ ಸುಳಿ, ಪಾಚಿಗಟ್ಟಿದ ಬಂಡೆ, ನೀರು ಕೊರೆದ ಗುಂಡಿಗಳಿರುತ್ತವೆ. ಜಲಾಶಯದ ಅಂಚಿನಲ್ಲಿ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೇ ಆಳೆತ್ತರವಾಗಬಹುದು. ಕೆಸರಿನಲ್ಲಿ ಕಾಲು ಹೂತರೆ ಈಜು ಬಲ್ಲವನೂ ಅಸಹಾಯಕ. 2024ರ ಏಪ್ರಿಲ್‌ನಲ್ಲಿ ಮೇಕೆದಾಟು–ಸಂಗಮ ಪ್ರದೇಶದಲ್ಲಿ ಬೆಂಗಳೂರಿನ ಐವರು ವಿದ್ಯಾರ್ಥಿಗಳು ನೀರುಪಾಲಾದರು. ಇಂತಹ ದುರಂತ ಅದೊಂದೇ ಅಲ್ಲ.

ಉದ್ಯಮದ ಹೊಣೆ

2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಸಾಗುತ್ತದೆ. ದಾರಿಹೋಕ ಗ್ರಾಹಕರನ್ನೇ ನೆಚ್ಚಿದ್ದ ಗೊಂಬೆ ಅಂಗಡಿ, ಹೋಟೆಲುಗಳಿಗೆ ಇದರಿಂದ ಪೆಟ್ಟು ಬಿದ್ದಿದೆ. ಪ್ರವಾಸಿಯು ಹೆದ್ದಾರಿಯಿಂದಿಳಿದು ಒಂದು ದಿನ ಇಲ್ಲಿ ತಂಗಬೇಕಾದರೆ ಅದಕ್ಕೆ ತಕ್ಕ ಆಕರ್ಷಣೆ ಬೇಕು. ನೀರಿನ ವಿಹಾರ ಅಂತಹ ಆಕರ್ಷಣೆಯಾಗಬಲ್ಲದು. ಆದರೆ ಪ್ರಕೃತಿ ಕಟ್ಟದ ಆವರಣವನ್ನು ಇಲ್ಲಿ ಮನುಷ್ಯರೇ ಕಟ್ಟಬೇಕಾಗುತ್ತದೆ.

ಗೋವೆಯ ಕಡಲತೀರಗಳಲ್ಲಿ 2008ರಿಂದ ಸರ್ಕಾರದ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಯ ಜೀವರಕ್ಷಕರು ಕಾರ್ಯನಿರ್ವಹಿಸುತ್ತಿದ್ದು, ಈಜಬಹುದಾದ ಜಾಗವನ್ನು ಬಾವುಟಗಳಿಂದ ಗುರುತಿಸುತ್ತಾರೆ. ನಮ್ಮಲ್ಲಿಯೂ ಹೊಳೆಯ ನಾಡಿಮಿಡಿತ ಬಲ್ಲ ತೆಪ್ಪದವರು, ಮೀನುಗಾರರು ಇದ್ದಾರೆ. ಅವರಿಗೆ ತರಬೇತಿ ನೀಡಿ ಸಂಬಳದ ಮೇಲೆ ನೇಮಿಸಿಕೊಳ್ಳಬಹುದು. ತೆಪ್ಪದ ಸವಾರಿಯ ದರದಲ್ಲಿಯೇ ಲೈಫ್ ಜಾಕೆಟ್‌ನ ವೆಚ್ಚವೂ ಸೇರಿರಲಿ. ನಿಷೇಧವಿರುವಲ್ಲಿ ಯಾರೂ ನೀರಿಗಿಳಿಯದಂತೆ ನೋಡಿಕೊಳ್ಳುವುದು ಸಮೀಪದ ರೆಸಾರ್ಟ್ ಮಾಲೀಕರ ಹೊಣೆಯೂ ಹೌದು. ಈಜಬಯಸುವವರಿಗೆ ಆಳ ನಮೂದಿಸಿದ, ಕಾವಲಿರುವ ಕೊಳಗಳನ್ನು ಅವರು ತಮ್ಮ ಆವರಣದಲ್ಲಿಯೇ ನಿರ್ಮಿಸಬಹುದು.

ಇದಕ್ಕೆ ತಗಲುವ ಹಣವನ್ನು ಖರ್ಚೆಂದು ಎಣಿಸದೆ ಬಂಡವಾಳವೆಂದು ಭಾವಿಸುವುದು ಒಳಿತು. ಮಕ್ಕಳೊಡನೆ ಬಂದು ಸುರಕ್ಷಿತವಾಗಿ ಹಿಂತಿರುಗಿದ ಕುಟುಂಬವು ಮರುವರ್ಷ ಮತ್ತೆ ಬರುತ್ತದೆ, ಬಂಧುಗಳನ್ನೂ ಕರೆತರುತ್ತದೆ. ಈ ದಿಸೆಯಲ್ಲಿ ವರ್ತಕರು, ಪ್ರವಾಸೋದ್ಯಮ ಇಲಾಖೆ ಹಾಗೂ ಸ್ಥಳೀಯ ಸಂಸ್ಥೆಗಳು ಮುಂದಿನ ಬೇಸಿಗೆ ರಜೆಗೆ ಮುನ್ನವೇ ಒಟ್ಟಾಗಿ ಕಾರ್ಯಪ್ರವೃತ್ತರಾಗುವುದು ಅಗತ್ಯ.