ಇತ್ಯರ್ಥವಾಗದ ಪ್ರಕರಣಗಳು ಮತ್ತು ನೈಜ ಅಪರಾಧ ಕೃತಿಗಳು

ನೈಜ ಅಪರಾಧ ಸಾಹಿತ್ಯ ಅಥವಾ ಟ್ರೂ ಕ್ರೈಮ್ ಎಂಬುದು ನಿಜವಾಗಿ ನಡೆದ ಅಪರಾಧವನ್ನು ದಾಖಲೆ, ಸಂದರ್ಶನ ಹಾಗೂ ನ್ಯಾಯಾಲಯದ ಕಡತಗಳ ಆಧಾರದಿಂದ ನಿರೂಪಿಸುವ ಗದ್ಯಪ್ರಕಾರವಾಗಿದೆ. ಪ್ರಕರಣವೊಂದು ಇತ್ಯರ್ಥವಾಗುವ ಮುನ್ನವೇ ಅದನ್ನು ಕುರಿತು ಪುಸ್ತಕ ಪ್ರಕಟಿಸುವುದು ಸರಿಯೇ ಎಂಬ ಪ್ರಶ್ನೆ ಈ ಪ್ರಕಾರದಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಚರ್ಚೆ ಜಟಿಲವಾಗಲು ಮುಖ್ಯ ಕಾರಣ, ‘ಇತ್ಯರ್ಥ’ ಎಂಬ ಪದಕ್ಕೆ ಒಂದೇ ಅರ್ಥವಿಲ್ಲದಿರುವುದು. ಪೊಲೀಸರಿಗೆ ಬಂಧನವೇ ಇತ್ಯರ್ಥವಾದರೆ, ಓದುಗರಿಗೆ ವಿಚಾರಣಾ ನ್ಯಾಯಾಲಯದ ತೀರ್ಪು ಇತ್ಯರ್ಥ. ಕಾನೂನಿನ ದೃಷ್ಟಿಯಲ್ಲಿ ಕೊನೆಯ ಮೇಲ್ಮನವಿ ಮುಗಿಯುವವರೆಗೂ ಪ್ರಕರಣ ಬಾಕಿಯೇ ಇರುತ್ತದೆ.

ಕಾದು ಬರೆದ ಕೃತಿ

1959ರ ನವೆಂಬರ್ 15ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೋಲ್ಕಂಬ್ ಎಂಬ ಹಳ್ಳಿಯಲ್ಲಿ ರೈತ ಕುಟುಂಬವೊಂದರ ನಾಲ್ವರ ಕೊಲೆಯಾಯಿತು. ಲೇಖಕ ಟ್ರೂಮನ್ ಕಪೋಟೆ ಅಲ್ಲಿಗೆ ಹೋದಾಗ ಕೊಲೆಗಾರರು ಇನ್ನೂ ಸಿಕ್ಕಿರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಪೆರಿ ಸ್ಮಿತ್ ಮತ್ತು ರಿಚರ್ಡ್ ಹಿಕಾಕ್ ಬಂಧಿತರಾದರು. 1960ರ ಮಾರ್ಚ್‌ನಲ್ಲಿ ಇಬ್ಬರಿಗೂ ಮರಣದಂಡನೆ ವಿಧಿಸಲಾಯಿತು. ಆದರೆ ಮೇಲ್ಮನವಿಗಳು ಐದು ವರ್ಷ ನಡೆದವು. ಬರವಣಿಗೆಯ ಬಹುಭಾಗ ಮುಗಿದಿದ್ದರೂ ಕೃತಿಗೆ ಅಂತ್ಯ ದೊರೆತಿರಲಿಲ್ಲ. 1965ರ ಏಪ್ರಿಲ್ 14ರಂದು ಇಬ್ಬರನ್ನೂ ಗಲ್ಲಿಗೇರಿಸಿದ ಬಳಿಕ, ಅದೇ ವರ್ಷ ‘ಇನ್ ಕೋಲ್ಡ್ ಬ್ಲಡ್’ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1966ರಲ್ಲಿ ಪುಸ್ತಕವಾಯಿತು.

ಪ್ರಕರಣ ಮುಗಿಯುವವರೆಗೆ ಕಾಯಬೇಕು ಎನ್ನುವವರಿಗೆ ಇದು ಆದರ್ಶ ಉದಾಹರಣೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಆ ಕಾಯುವಿಕೆಯೇ ಟೀಕೆಗೆ ಗುರಿಯಾಯಿತು. ತನ್ನನ್ನು ನಂಬಿ ವರ್ಷಗಟ್ಟಲೆ ಮಾತನಾಡಿದ ಕೈದಿಗಳ ಸಾವಿನಿಂದ ಮಾತ್ರ ಪೂರ್ಣಗೊಳ್ಳುವ ಪುಸ್ತಕವನ್ನು ಲೇಖಕ ಕೈಯಲ್ಲಿ ಹಿಡಿದಿದ್ದನೆಂದೂ, ಅವರನ್ನು ಉಳಿಸಲು ತಕ್ಕಷ್ಟು ಯತ್ನಿಸಲಿಲ್ಲವೆಂದೂ ಬ್ರಿಟಿಷ್ ವಿಮರ್ಶಕ ಕೆನೆತ್ ಟೈನನ್ 1966ರಲ್ಲಿ ಆಕ್ಷೇಪಿಸಿದನು. ಕೃತಿಯ ಕೊನೆಯಲ್ಲಿ ಬರುವ ಸ್ಮಶಾನದ ದೃಶ್ಯ ಕಲ್ಪಿತವೆಂಬುದು ನಂತರ ತಿಳಿದುಬಂದಿತು. ಎಂದರೆ, ತಡವಾಗಿ ಬಂದ ಮಾತ್ರಕ್ಕೆ ಪುಸ್ತಕ ನಿಖರವಾಗಿರುತ್ತದೆ ಎನ್ನಲಾಗದು.

ಮುನ್ನವೇ ಬಂದ ಕೃತಿಗಳು

ಆ್ಯನ್ ರೂಲ್ ಅವರು ವಾಷಿಂಗ್ಟನ್ ರಾಜ್ಯದ ಯುವತಿಯರ ಕೊಲೆಗಳ ಬಗ್ಗೆ ಬರೆಯಲು ಒಪ್ಪಂದ ಮಾಡಿಕೊಂಡಾಗ ಕೊಲೆಗಾರ ಯಾರೆಂದು ಗೊತ್ತಿರಲಿಲ್ಲ. ಆತ 1971ರಲ್ಲಿ ಸಿಯಾಟಲ್‌ನ ಆತ್ಮಹತ್ಯಾ ತಡೆ ದೂರವಾಣಿ ಕೇಂದ್ರದಲ್ಲಿ ತಮ್ಮ ಜೊತೆ ಕೆಲಸ ಮಾಡಿದ್ದ ಟೆಡ್ ಬಂಡಿ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ‘ದ ಸ್ಟ್ರೇಂಜರ್ ಬಿಸೈಡ್ ಮಿ’ 1980ರಲ್ಲಿ ಪ್ರಕಟವಾಯಿತು. ಬಂಡಿಗೆ ಮರಣದಂಡನೆ ಜಾರಿಯಾದದ್ದು 1989ರಲ್ಲಿ. ನಂತರದ ಆವೃತ್ತಿಗಳಿಗೆ ಹೊಸ ಅಧ್ಯಾಯಗಳು ಸೇರುತ್ತ ಹೋದವು.

ಮಿಶೆಲ್ ಮೆಕ್‌ನಮಾರಾ ಅವರ ‘ಐ’ಲ್ ಬಿ ಗಾನ್ ಇನ್ ದ ಡಾರ್ಕ್’ ಇನ್ನೊಂದು ಬಗೆಯದು. 1970 ಮತ್ತು 80ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸರಣಿ ಅತ್ಯಾಚಾರ, ಕೊಲೆಗಳ ಅಜ್ಞಾತ ಅಪರಾಧಿಗೆ ‘ಗೋಲ್ಡನ್ ಸ್ಟೇಟ್ ಕಿಲ್ಲರ್’ ಎಂಬ ಹೆಸರು ಕೊಟ್ಟವರು ಅವರೇ. 2016ರಲ್ಲಿ ಅವರು ತೀರಿಕೊಂಡ ಮೇಲೆ ಸಹಾಯಕರು ಕೃತಿಯನ್ನು ಪೂರ್ಣಗೊಳಿಸಿದರು. ಅದು 2018ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಎರಡೇ ತಿಂಗಳಲ್ಲಿ, ವಂಶಾವಳಿಯ ಡಿಎನ್ಎ ಹೋಲಿಕೆಯ ಮೂಲಕ, ಮಾಜಿ ಪೊಲೀಸ್ ಅಧಿಕಾರಿ ಜೋಸೆಫ್ ಡಿಏಂಜೆಲೊ ಬಂಧಿತನಾದನು. 2020ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಪುಸ್ತಕ ಸಾರ್ವಜನಿಕ ಆಸಕ್ತಿಯನ್ನು ಜೀವಂತವಾಗಿರಿಸಿತಾದರೂ ಅದರಲ್ಲಿನ ಮಾಹಿತಿ ಬಂಧನಕ್ಕೆ ನೇರವಾಗಿ ಕಾರಣವಾಗಲಿಲ್ಲವೆಂದು ಪೊಲೀಸರು ತಿಳಿಸಿದರು. ಲೇಖಕಿ ಯಾರನ್ನೂ ಅಪರಾಧಿಯೆಂದು ಸಾರಿರಲಿಲ್ಲ. ಆದ್ದರಿಂದ ಪ್ರಕರಣ ಬಗೆಹರಿದಾಗ ಕೃತಿಯಿಂದ ಯಾವ ನಿರಪರಾಧಿಗೂ ಕಳಂಕ ಉಳಿಯಲಿಲ್ಲ.

ಜೋಡಿಯಾಕ್ ಕೊಲೆಗಳ ವಿಷಯದಲ್ಲಿ ಹಾಗಾಗಲಿಲ್ಲ. ವ್ಯಂಗ್ಯಚಿತ್ರಕಾರ ರಾಬರ್ಟ್ ಗ್ರೇಸ್ಮಿತ್ 1986ರ ತಮ್ಮ ಪುಸ್ತಕದಲ್ಲಿ ಶಂಕಿತನೊಬ್ಬನನ್ನು ಬದಲಿ ಹೆಸರಿನಿಂದ ಸೂಚಿಸಿ, ಆತ 1992ರಲ್ಲಿ ನಿಧನನಾದ ಬಳಿಕ 2002ರ ಪುಸ್ತಕದಲ್ಲಿ ನಿಜನಾಮವನ್ನೇ ಬರೆದರು. ಅದೇ ವರ್ಷ ಅಂಚೆಚೀಟಿಯಿಂದ ದೊರೆತ ಭಾಗಶಃ ಡಿಎನ್ಎ ಆತನದಕ್ಕೆ ಹೊಂದಲಿಲ್ಲ. ಆತನ ಮೇಲೆ ಈ ಕೊಲೆಗಳ ಆರೋಪಪಟ್ಟಿ ಎಂದೂ ಸಲ್ಲಿಕೆಯಾಗಿರಲಿಲ್ಲ. ಆದರೂ ಜನಮನದಲ್ಲಿ ಆತನೇ ಕೊಲೆಗಾರನಾಗಿ ಉಳಿದಿದ್ದಾನೆ.

ಭಾರತದಲ್ಲಿ

1971ರ ನ್ಯಾಯಾಂಗ ನಿಂದನೆ ಕಾಯಿದೆಯ ಪ್ರಕಾರ ಕ್ರಿಮಿನಲ್ ಪ್ರಕರಣವು ಆರೋಪಪಟ್ಟಿ ಸಲ್ಲಿಕೆಯಾದಾಗ, ಅಥವಾ ನ್ಯಾಯಾಲಯ ಸಮನ್ಸ್ ಇಲ್ಲವೆ ವಾರಂಟ್ ಹೊರಡಿಸಿದಾಗ, ‘ಬಾಕಿ’ ಎನಿಸಿಕೊಂಡು ಮೇಲ್ಮನವಿ ಮುಗಿಯುವವರೆಗೂ ಹಾಗೆಯೇ ಇರುತ್ತದೆ. ನಡವಳಿಗಳ ನ್ಯಾಯಯುತ, ನಿಖರ ವರದಿಗೆ ಕಾಯಿದೆಯಲ್ಲಿ ರಕ್ಷಣೆಯಿದೆ. ಆದರೆ ಪ್ರಕರಣದ ಗುಣಾವಗುಣಗಳ ಮೇಲಿನ ಟೀಕೆಗೆ ಇರುವ ರಕ್ಷಣೆ ಅಂತಿಮ ತೀರ್ಮಾನವಾದ ಪ್ರಕರಣಗಳಿಗಷ್ಟೇ ಅನ್ವಯಿಸುತ್ತದೆ. ಮೊಕದ್ದಮೆಗಳು ದಶಕಗಳ ಕಾಲ ಸಾಗುವ ದೇಶದಲ್ಲಿ ಇದನ್ನು ಅಕ್ಷರಶಃ ಪಾಲಿಸಿದರೆ ಅನೇಕ ಘಟನೆಗಳ ಬಗ್ಗೆ ಒಂದು ತಲೆಮಾರಿನವರೆಗೆ ಏನನ್ನೂ ಬರೆಯಲಾಗದು. ಇಲ್ಲಿ ಈಗ ಜ್ಯೂರಿ ಪದ್ಧತಿಯಿಲ್ಲವಾದ್ದರಿಂದ ಪುಸ್ತಕಗಳು ತೀರ್ಪಿನ ಮೇಲೆ ಪ್ರಭಾವ ಬೀರಲಾರವು ಎಂಬ ವಾದವೂ ಇದೆ. ಆದರೆ ಸಾಕ್ಷಿದಾರರೂ ಪುಸ್ತಕ ಓದುತ್ತಾರೆ ಎಂಬುದನ್ನು ಆ ವಾದ ಮರೆಯುತ್ತದೆ.

1993ರ ಮಾರ್ಚ್ 12ರ ಮುಂಬಯಿ ಸ್ಫೋಟಗಳ ಕುರಿತ ಎಸ್. ಹುಸೇನ್ ಜೈದಿ ಅವರ ‘ಬ್ಲ್ಯಾಕ್ ಫ್ರೈಡೇ’ ಪುಸ್ತಕ ವಿಚಾರಣೆ ನಡೆಯುತ್ತಿದ್ದಾಗಲೇ, 2002ರಲ್ಲಿ ಹೊರಬಂದಿತು. ಅದನ್ನಾಧರಿಸಿ ಅನುರಾಗ್ ಕಶ್ಯಪ್ ನಿರ್ದೇಶಿಸಿದ ಚಲನಚಿತ್ರಕ್ಕೆ ಮಾತ್ರ ಆರೋಪಿಗಳ ಅರ್ಜಿಯ ಮೇರೆಗೆ ಬಾಂಬೆ ಉಚ್ಚ ನ್ಯಾಯಾಲಯ 2005ರಲ್ಲಿ ತಡೆ ನೀಡಿತು. ಟಾಡಾ ನ್ಯಾಯಾಲಯ ದೋಷನಿರ್ಣಯವನ್ನು ಪ್ರಕಟಿಸಿದ ಮೇಲಷ್ಟೇ, 2007ರ ಫೆಬ್ರವರಿಯಲ್ಲಿ ಚಿತ್ರ ಬಿಡುಗಡೆಯಾಯಿತು. ಅಷ್ಟರಲ್ಲಿ ಅದೇ ಕಥನ ಪುಸ್ತಕರೂಪದಲ್ಲಿ ಅಂಗಡಿಗಳಲ್ಲಿ ದೊರೆಯುತ್ತಲೇ ಇತ್ತು.

ಅವಿರೂಕ್ ಸೇನ್ ಅವರ ‘ಆರುಷಿ’ (2015) ಕಾಯುವಿಕೆಯ ವಾದಕ್ಕೆ ಬಲವಾದ ಪ್ರತಿವಾದ ಒಡ್ಡುತ್ತದೆ. 2008ರ ನೋಯ್ಡಾ ಜೋಡಿ ಕೊಲೆ ಪ್ರಕರಣದಲ್ಲಿ ಬಾಲಕಿಯ ತಂದೆತಾಯಿಗೆ 2013ರ ನವೆಂಬರ್‌ನಲ್ಲಿ ಗಾಜಿಯಾಬಾದ್‌ನ ವಿಶೇಷ ಸಿಬಿಐ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತ್ತು. ಮೇಲ್ಮನವಿ ಬಾಕಿಯಿದ್ದಾಗಲೇ ಸೇನ್ ತನಿಖೆಯನ್ನೂ ತೀರ್ಪನ್ನೂ ಕಟುವಾಗಿ ಪ್ರಶ್ನಿಸಿದರು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯ ದಂಪತಿಯನ್ನು ದೋಷಮುಕ್ತಗೊಳಿಸಿತು. ಇದು ಪುಸ್ತಕದ ಫಲವೆನ್ನಲು ಆಧಾರವಿಲ್ಲ. ಆದರೆ ಸೆರೆಮನೆಯಲ್ಲಿರುವವರ ಪರವಾದ ಪ್ರಶ್ನೆಗಳು ಅಂತಿಮ ತೀರ್ಪಿನವರೆಗೆ ಕಾದರೆ ಅವುಗಳಿಂದ ಅವರಿಗೆ ಪ್ರಯೋಜನವಿರುವುದಿಲ್ಲ.

ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ನಡೆದ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ವಿಚಾರಣೆ 2022ರಲ್ಲಿ ಆರಂಭವಾಯಿತು. ಅದು ಮುಗಿಯುವ ಮುನ್ನವೇ, 2024ರಲ್ಲಿ, ಅಮೆರಿಕದ ಪತ್ರಕರ್ತ ರೊಲ್ಲೊ ರೋಮಿಗ್ ಅವರ ‘ಐ ಆ್ಯಮ್ ಆನ್ ದ ಹಿಟ್ ಲಿಸ್ಟ್’ ಪ್ರಕಟವಾಯಿತು.